ಬಕೆಟ್ಟಿನ ಬಾಯಿಗೆ ಪೈಪು

ಮೊದಲು ಇಳಿ, ನಿತೇಶ. ಇಳಿದು ನಡೆ.
ಚಪ್ಪಲಿ ಬಿಟ್ಟು ನಡೆ, ಹುಲ್ಲಿನ ಮೇಲೆ.
ಹಿಮ್ಮಡಿ ಊರಿದಲ್ಲಿ ನೀರು ಜಿನುಗಿದರೆ
ಇವತ್ತು ಕೆಲಸವಿಲ್ಲ,
ಕೋಡಿಬಾಗಕ್ಕೆ ಹೋಗಿ ಬನ್ಸು ತಿಂದು ಬರೋಣ.
ಮೂರು ಟನ್ನಿನ ಗಾಡಿ ಇದು. ಇದಕ್ಕೆ ಅಂಗಾಲಿಲ್ಲ.
ನಿನ್ನದನ್ನೇ ಕಡ ಕೊಡಬೇಕು.

ಮಾಂಜ್ರೇಕರ ಬಾಯಿಯವರ ಅಂಗಳ,
ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವರು.
ಈ ಹೊಯ್ಗೆ ನೆಲದಲ್ಲಿ ಹುಲ್ಲು ಬೇರು ಬಿಡಲು
ಆರು ವರ್ಷ ಹಿಡಿಯಿತಂತೆ:
ಉಪ್ಪುಗಾಳಿ, ಗೆದ್ದಲು, ಪಕ್ಕದ ಮನೆಯ ಎಮ್ಮೆ.
ಗೇಟಿನಿಂದ ಮೆಟ್ಟಿಲವರೆಗೆ ಜಲ್ಲಿಯ ಹಾದಿ,
ಎಲ್ಲ ಹೊಳೆಗಲ್ಲು. ಬೆಳಿಗ್ಗೆ ಎದ್ದು
ಕಬ್ಬಿಣದ ಹಣಿಗೆಯಲ್ಲಿ ಅದನ್ನು ಬಾಚುತ್ತಾರೆ, ನೋಡಿದ್ದೇನೆ.
ಹಿತ್ತಲ ಬಾವಿ ಆಳ ಮಾಡಿದ ಮಣ್ಣು ಗುಡ್ಡೆ ಬಿದ್ದಿದೆ.
ಅದು ಗೇಟಿನಾಚೆಯ ತಗ್ಗಿಗೆ ಹೋಗಬೇಕು
ಹುಲ್ಲಿಗೆ ಗೊತ್ತಾಗದ ಹಾಗೆ.

ಬಕೆಟ್ಟಿನ ಬಾಯಿ ನೋಡು, ಮೀನು ಕೊಯ್ಯುವ ಕತ್ತಿ.
ಹಳೆ ಪೈಪು, ಉದ್ದಕ್ಕೆ ಸೀಳಿದ್ದು, ತುಟಿಗೆ ಸಿಕ್ಕಿಸು,
ಎರಡೂ ಕಡೆ ಬಲೆಯ ಹಗ್ಗದಲ್ಲಿ ಬಿಗಿ.
ಇನ್ನು ಜಾರುತ್ತದೆ, ಕೊರೆಯುವುದಿಲ್ಲ.
ಚಕ್ರದ ದಾರಿಗೆ ಬೆಲ್ಟು ಹಾಸು.
ಬಂದರಿನಲ್ಲಿ ಅದಿರು ಸಾಗಿಸುತ್ತಿದ್ದ ರಬ್ಬರು, ಗುಜರಿಯಲ್ಲಿ ಸಿಕ್ಕಿದ್ದು;
ಎಷ್ಟು ಗುಡ್ಡ ಇದರ ಬೆನ್ನೇರಿ ಹಡಗಿಗೆ ಹೋದವೋ,
ಈಗ ಗರಿಕೆ ಕಾಯಲಿ.
ಊಟದ ಹೊತ್ತಿಗೆ ಮಾತ್ರ ಎತ್ತಿಡು,
ಬಿಸಿಲಿಗೆ ಅಡಿಯ ಹುಲ್ಲು ಬೇಯುತ್ತದೆ.

ಪೂರ ತುಂಬಬೇಡ. ಅರ್ಧ ಬಕೆಟ್ಟು, ಎರಡು ಸಲ.
ನಿಂತಲ್ಲೇ ಸ್ಟೇರಿಂಗ್ ತಿರುಗಿಸಬೇಡ,
ಕಿವಿ ಹಿಂಡಿದ ಹಾಗಾಗುತ್ತದೆ ನೆಲಕ್ಕೆ.
ಜಲ್ಲಿಯ ಮೇಲೆ ಮುಂದಕ್ಕೆ ನೂಕಬೇಡ, ಹಿಂದಕ್ಕೆ ಬಾ,
ಲಿವರನ್ನು ತೇಲುವ ಗುರುತಿಗೆ ಒತ್ತಿ
ಕೈ ಬಿಡು.
ಬಿಡು ಅಂದರೆ ಬಿಡು.
ಕಾಳಿ ಸಮುದ್ರ ಸೇರುವಲ್ಲಿ ಕಟ್ಟಿ ಹಾಕಿದ ದೋಣಿ
ಭರತಕ್ಕೆ ಏರಿ ಇಳಿತಕ್ಕೆ ಇಳಿಯುವುದಿಲ್ಲವೇ
ಯಾರೂ ಹಿಡಿಯದೆ? ಹಾಗೆ.
ನೆಲ ಉಬ್ಬಿದರೆ ಉಬ್ಬಲಿ, ತಗ್ಗಿದರೆ ತಗ್ಗಲಿ.

ಯಾರು ಕಲಿಸಿದರು ಅಂತ ಕೇಳಿದೆಯಲ್ಲ.
ಯಾರೂ ಇಲ್ಲ.
ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ನಮ್ಮ ಕೇರಿ ತೆರವಾಯಿತು.
ಚೆಕ್ಕು ಬಂದಿತ್ತು, ಸಾಮಾನು ಲಾರಿ ಏರಿತ್ತು,
ತಪ್ಪು ಯಾರದೆಂದು ಹೇಳುತ್ತಿಲ್ಲ.
ಆಯಿ ಅಂದು ಬೆಳಿಗ್ಗೆಯೂ ಅಂಗಳಕ್ಕೆ ಸಗಣಿ ಸಾರಿಸಿದ್ದಳು,
ಹಸಿಯಿತ್ತು ಇನ್ನೂ.
ಹಳದಿ ಗಾಡಿ ಬಂತು, ಬಕೆಟ್ಟಿಗೆ ಐದು ಹಲ್ಲು.
ಡ್ರೈವರು ಪಾಪ, ಬೀಡಿ ಕಚ್ಚಿಕೊಂಡಿದ್ದ, ಕೆಳಗೆ ನೋಡಲಿಲ್ಲ.
ನಿಂತಲ್ಲೇ ತಿರುಗಿಸಿದ.
ಮನೆ ಬಿದ್ದದ್ದು ನೆನಪಿಲ್ಲ ನನಗೆ,
ಆ ತಿರುಗಿಸಿದ್ದು ನೆನಪಿದೆ.
"ಒಣಗಲಿಕ್ಕಾದರೂ ಬಿಡಬೇಕಿತ್ತು" ಅಂದಳು ಆಯಿ.

ಆಯ್ತು, ಹತ್ತು. ಒಂದನೇ ಗೇರು.
ಬಾಯಿ ಕಿಟಕಿಯಲ್ಲಿ ನಿಂತಿದ್ದಾರೆ, ಸೆರಗು ಮುಷ್ಟಿಯಲ್ಲಿ.
ಅತ್ತ ನೋಡಬೇಡ, ಕೈ ನಡುಗುತ್ತದೆ.

ಸಂಜೆ ಬೆಲ್ಟು ಸುತ್ತಿದೆವು.
ಹುಲ್ಲು ಎರಡು ಪಟ್ಟೆಯಾಗಿ ಮಲಗಿತ್ತು.
ನೀರು ಹೊಡೆಯಿರಿ, ನಾಲ್ಕು ದಿನಕ್ಕೆ ಏಳುತ್ತದೆ ಎಂದೆ.
ಗೇಟಿನ ಬಳಿ ನಿತೇಶ ಅಂಗೈಯಗಲ ಹೆರೆದಿದ್ದ.
ಮುಚ್ಚಲಿಲ್ಲ, ಕರೆದು ತೋರಿಸಿದೆವು.
ಬಾಯಿ ಬಗ್ಗಿ ನೋಡಿ
ಇನ್ನೂರು ರೂಪಾಯಿ ಹಿಡಿದುಕೊಂಡರು. ಸರಿಯೇ.
ಆಮೇಲೆ ಕೋಕಂ ಶರಬತ್ತು ಕೊಟ್ಟರು, ಸಕ್ಕರೆ ಕಡಿಮೆ.

ರಾತ್ರಿ ಟಾರ್ಚು ಹಿಡಿದು
ಟೈರಿನ ಸಂದಿಗಳಿಂದ ಕಲ್ಲು ಕಿತ್ತೆವು ಸ್ಕ್ರೂಡ್ರೈವರಿನಲ್ಲಿ.
ಹದಿನೇಳು.
ಒಂದು ನೀಲಿ ಮಿಶ್ರ, ಹೊಳೆಯ ಒದ್ದೆ ಇನ್ನೂ ಆರಿಲ್ಲವೇನೋ ಎಂಬಂತೆ.
ನಾಳೆ ಕೆಲಸ ಬಾಡದಲ್ಲಿ, ಅದೇ ದಾರಿ.
ಗೇಟಿನ ಸಂದಿಯಲ್ಲಿ ಒಳಗೆ ಹಾಕಿ ಹೋಗಬೇಕು
ಬಾಯಿ ಬಾಚುವುದರೊಳಗೆ.