ತಗಡಿನ ಹೆಸರುಗಳು

ಬೈತಖೋಲದಲ್ಲಿ ದೋಣಿಗಳಿಗೆ ಹೆಸರು ಬರೆಯುವವನು ನಾನು.
ಅಕ್ಷರಕ್ಕೆ ಹನ್ನೆರಡು ರೂಪಾಯಿ, ದೇವರ ಹೆಸರಿಗೂ ಅಷ್ಟೇ,
ಒತ್ತಕ್ಷರಕ್ಕೆ ಬೇರೆ ಲೆಕ್ಕವಿಲ್ಲ.
ಟ್ರಾಲರುಗಳು ದಡಕ್ಕೆ ಒರಗುವ ಜೂನ್, ಜುಲೈ ನನಗೆ ಸುಗ್ಗಿ.
ಅದು ಮುಗಿದು ಖಾಲಿ ಕೂತ ಭಾನುವಾರ
ಮಾಜಾಳಿಯ ಇನಾಸ್ ಪರೇರಾ ಹೇಳಿಕಳಿಸಿದ:
ನಲವತ್ತೊಂದು ಗಿಡ, ನಲವತ್ತೊಂದು ತಗಡು. ಬಾ.

ಕಾಳಿಯ ಸೇತುವೆ ದಾಟಿ ಸೈಕಲ್ಲಿನಲ್ಲಿ ಹೋದೆ,
ಹ್ಯಾಂಡಲಿಗೆ ನೀಲಿ ಬಣ್ಣದ ಡಬ್ಬಿ.

ಇಪ್ಪತ್ತೆರಡು ವರ್ಷ ಪ್ರವಾಸಿ ಹಡಗಿನ ಹೊಟ್ಟೆಯೊಳಗೆ
ಪರರ ಚಾದರ ಒಗೆದವನು ಇನಾಸ್.
ತಿಂಗಳಿಗೆ ಎರಡು ಸಲ ನೆಲ. ನೆಲವೆಂದರೆ ನಾಲ್ಕು ತಾಸು.
ಉಳಿದವರು ಬಾರಿಗೆ ಹೋದರು. ಬಾರಿಗೆ ದುಡ್ಡು ಬೇಕು.
ಡೊಮಿನಿಕ ಎಂಬ ದ್ವೀಪದಲ್ಲಿ ಧಕ್ಕೆಯಿಂದ ನಡೆದಷ್ಟರಲ್ಲೇ
ಒಂದು ತೋಟವಿತ್ತಂತೆ,
ಬಾಗಿಲಿಗೆ ಟಿಕೀಟಿರಲಿಲ್ಲ.
"ಬಿರುಗಾಳಿಗೆ ಬಿದ್ದ ಮರ ಖಾಲಿ ಬಸ್ಸಿನ ಮೇಲೆ ಮಲಗಿದೆ ಮಾರಾಯ,
ಬಸ್ಸು ಅಪ್ಪಚ್ಚಿ, ಮರ ಚಿಗುರಿದೆ,
ಎರಡನ್ನೂ ಹಾಗೇ ಬಿಟ್ಟಿದ್ದಾರೆ."
ಇದನ್ನು ಮೂರು ಸಲ ಹೇಳಿದ,
ಮೂರನೆಯ ಸಲ ಬಸ್ಸಿನ ಬಣ್ಣವನ್ನೂ.

ನಾನು ಅಂಥದೇನೋ ಕಾಣಲು ಬಂದಿದ್ದೆ.
ಗೇಟು ತೆಗೆದರೆ ಗೇರು.
ಬಾವಿಯ ಬದಿಗೆ ಪೇರಲ, ಬಚ್ಚಲ ನೀರಿಗೆ ಪಪ್ಪಾಯಿ,
ಬೇಲಿಗುಂಟ ಅನಾನಸು,
ಶಿಲುಬೆಯ ಕಟ್ಟೆಗೆ ಬಗ್ಗಿದ ದೇವಕಣಗಿಲೆ.
ನನ್ನ ಹಿತ್ತಿಲಿಗೇ ತಿರುಗಿ ಬಂದೆನೋ ಎಂದು
ಚಪ್ಪಲಿ ನೋಡಿಕೊಂಡೆ.

"ಬರಿ," ಎಂದ, "ಗೇರು. ಅದರ ಕೆಳಗೆ, ಆಚೆಯದು."
ಪೇರಲ. ಆಚೆಯದು.
ಪಪ್ಪಾಯಿ. ಆಚೆಯದು.
ಹಸಿಮೆಣಸಿನ ಕುಂಡಕ್ಕೂ ಆಚೆಯದು.
ಕುಂಚ ತಡೆದು ಕೇಳಿದೆ: ಮೆಣಸೂ?
ಹಾಗಾದರೆ ನಮ್ಮಜ್ಜನ ಅಜ್ಜನ ಅಜ್ಜ
ಬಂಗಡೆ ಸಾರಿಗೆ ಏನು ಹಾಕುತ್ತಿದ್ದ?
"ಕಾಳುಮೆಣಸು," ಅಂದಳು ಕ್ಲಾರಿನ್ ಒಳಗಿನಿಂದ,
"ಮತ್ತೆ ಬಾಯಿ ಮುಚ್ಚಿಕೊಂಡು ಉಣ್ಣುತ್ತಿದ್ದ."

ತುದಿಯಲ್ಲಿ ಈಶಾಡ, ಅಂಕೋಲೆಯ ಕಸಿ,
ಕಾಯಿಲ್ಲದ ಕಾಲದ ಮರ, ಬರೀ ಎಲೆ.
ಅಲ್ಲಿ ಇನಾಸ್ ನಿಂತ.
ಆ ತೋಟದ ಹೊರಗೆ ಮುದುಕಿಯೊಬ್ಬಳು ಹಣ್ಣು ಕೊಯ್ಯುತ್ತಿದ್ದಳಂತೆ.
ಜೂಲಿ, ಅಂದಳು. ನಮ್ಮ ಮಾವು,
ನನ್ನ ಅಜ್ಜಿಯ ಅಜ್ಜಿ ಇದರ ನೆರಳಿಗೆ ಕೂತವಳು.
"ಮಾವು ನಮ್ಮದು ಅನ್ನಲಿಕ್ಕೆ ಬಾಯಿ ತೆರೆದೆ.
ತೆರೆದ ಬಾಯಿಗೇ ಒಂದು ಹೋಳು ಇಟ್ಟಳು."
ಆಮೇಲೆ?
"ಆಮೇಲೇನು. ಹಡಗಿನ ಸೀಟಿ."
ಈ ತಗಡಿಗೆ ಏನು ಬರೆಯಲಿ?
ಉತ್ತರ ಬರಲಿಲ್ಲ. ಇರುವೆ ಹತ್ತುವುದನ್ನು ನೋಡುತ್ತಿದ್ದ.

ಹೊತ್ತು ಇಳಿದಾಗ ಹನುಮಿ ಬಂದಳು,
ಸೊಪ್ಪು ಮಾರಿದ ಖಾಲಿ ಬುಟ್ಟಿ, ಕೊರಳ ತುಂಬ ಮಣಿ.
ನೀರು ಕುಡಿದು, ಏನು ಬರ್ದೆ ಓದು, ಅಂದಳು.
ಓದಿದೆ.
"ಆಚೆ ಅಂದ್ರೆ? ಹಳ್ಳದಾಚೆಯಾ?"
ಸಮುದ್ರದಾಚೆ.
"ನಮ್ಮನೆ ಗೇರು ನಮ್ಮವ್ವೆ ನೆಟ್ಟದ್ದು,
ಸಮುದ್ರ ನೆಟ್ಟದ್ದಲ್ಲ."
ಅನ್ನುತ್ತಲೇ ಬಗ್ಗಿ, ಮೋರಿಯ ಬದಿಯ ಕೆಂಪು ಹೆಲಿಕೋನಿಯದ
ಒಂದು ಗಡ್ಡೆ ಮುರಿದು ಬುಟ್ಟಿಯ ಬಟ್ಟೆಯಡಿಗೆ ತೂರಿಸಿದಳು.
ಕೇಳಿದ್ದರೆ ಅವನೇ ಕೊಡುತ್ತಿದ್ದನಲ್ಲ, ಎಂದೆ ಮೆಲ್ಲಗೆ.
"ಕೇಳ್ಕಂಡಿ ತಂದ ಗಿಡ ಹತ್ತೂದಿಲ್ಲ."
ಇನಾಸ್ ನೋಡಿದ್ದ.
ನೋಡಿ, ಬೆನ್ನು ತಿರುಗಿಸಿ,
ಎಣಿಸಿ ಮುಗಿದಿದ್ದ ತಗಡುಗಳನ್ನು ಮತ್ತೆ ಎಣಿಸತೊಡಗಿದ.

ಗಿಡದ ಹೆಸರಿಗೆ ಮಾತ್ರ ದುಡ್ಡು ಹಿಡಿದೆ.
ಆಚೆಯದು ನಾಲ್ಕಕ್ಷರ,
ಅದನ್ನು ಯಾರ ಲೆಕ್ಕಕ್ಕೆ ಬರೆಯುವುದು ತಿಳಿಯಲಿಲ್ಲ.
ಈಶಾಡದ ಕೊರಳಿಗೆ ಖಾಲಿ ತಗಡೇ ತೂಗಿತು.

ಸೇತುವೆಯ ನಡುವೆ ಕತ್ತಲು.
ಕೆಳಗೆ ಕಾಳಿ ಸಿಹಿಯೋ ಉಪ್ಪೋ ಹೇಳಲಾಗದ ಜಾಗ.
ಸೈಕಲ್ಲಿಳಿದು ಅಂಗಿಯ ಜೇಬು ಮುಟ್ಟಿ ನೋಡಿದೆ:
ಗೇಣುದ್ದದ ದೇವಕಣಗಿಲೆಯ ಟೊಂಗೆ,
ಮುರಿದ ತುದಿಯಿಂದ ಹಾಲು ಇನ್ನೂ ಸೋರುತ್ತಿತ್ತು.