ಹದ್ದು

ಡೋಗಿ ಬರದ ಎರಡನೆಯ ಬೇಸಿಗೆ.
ಕಲಬುರಗಿ ಕೋಟೆಯ ಕಂದಕದ ಬದಿಗೆ ಗಂಜಿಯ ಛಾವಣಿ,
ಆರು ಹಂಡೆ, ಒಂದು ದಫ್ತರ, ಅದರ ಹಿಂದೆ ನಾನು,
ಕಿವಿಗೆ ಸಿಕ್ಕಿಸಿದ ಲೆಕ್ಕಣಿಕೆ.
ಅಂಬಲಿಗಿಂತ ಮೊದಲು ಪ್ರಶ್ನೆ ಬಡಿಸಬೇಕು, ಅದು ಹುಕುಂ:
ಹೆಸರೇನು, ಊರು ಯಾವುದು,
ಆ ಊರು ಯಾರ ರಾಜ್ಯದ್ದು.

ಹೆಸರು ದವಲಬಿ. ಪಿಂಜಾರರಾಕಿ.
ತವರು ಭೀಮೆಯ ಈ ದಂಡೆ, ನಿಜಾಮರದು.
ಕೊಟ್ಟ ಮನೆ ಆ ದಂಡೆ, ಕಂಪನಿಯದು.
ಗಂಡ ಸತ್ತು ಒಂಬತ್ತು ತಿಂಗಳು,
ಅರಳೆ ಹಿಂಜುವ ಬಿಲ್ಲು ಒಲೆಗೆ ಹೋಗಿ ಎಂಟು.
ಸೆರಗಿನಲ್ಲೊಂದು ಕೂಸು, ಅಳುವಷ್ಟೂ ತ್ರಾಣವಿಲ್ಲ.

ಕಾಯ್ದೆ ನೋಡಿದೆ. ಹೆಣ್ಣಿಗೆ ಗಂಡನ ಊರೇ ಊರು.
ಗಂಡ ಮಣ್ಣಿಗೆ ಹೋದರೂ ಅವನ ಊರು ಹೋಗುವುದಿಲ್ಲ.
ಬರೆದೆ: ಪರರಾಜ್ಯದವಳು, ಹದ್ದು ದಾಟಿಸತಕ್ಕದ್ದು.

'ಹದ್ದ ಎಲ್ಲದ ರೀ ಕಾರಕೂನ ಸಾಹೇಬ್ರ?
ಮ್ಯಾಲ ತಿರಗಲಿಕತ್ತದಲ್ಲ, ನನಗ ಅದೊಂದ ಕಾಣತದ.'

ನಾನು ತಲೆ ಎತ್ತಲಿಲ್ಲ. ಖರ್ಚು ಬರೆಯುತ್ತಿದ್ದೆ.
ಬಂಡಿ ಬಾಡಿಗೆ ಐದಾಣೆ,
ಜವಾನ ಚಾಂದಸಾಬನ ಭತ್ಯೆ ನಾಲ್ಕಾಣೆ,
ಹರಗೋಲಿನ ಕೂಲಿ ಮೂರಾಣೆ, ಅದೂ ಕಲ್ದಾರ.
ಭೀಮೆಯಲ್ಲಿ ನೀರು ಪಾದ ಮುಚ್ಚುವಷ್ಟು,
ಹರಗೋಲು ದಂಡೆಯ ಮೇಲೆ ಬೋರಲು ಬಿದ್ದಿತ್ತು.
ಆದರೆ ಕಾಯ್ದೆಯೊಳಗೆ ಹೊಳೆ ತುಂಬಿ ಹರಿಯುತ್ತಿತ್ತು.

ಓದಿ ಹೇಳ್ರಿ ಅಂದಳು. ಓದಿದೆ. ಬೆರಳು ಮಡಚಿದಳು.
'ಹನ್ನೆರಡಾಣೆ ಅಂದ್ರ ನಲವತ್ತೆಂಟು ಪೈಸೆ.
ನಿಮ್ಮ ಅಂಬಲಿ ದಿನಕ್ಕ ಮೂರು ಪೈಸೆದ್ದು.
ನನ್ನ ಹೊರಗ ಹಾಕೋ ರೊಕ್ಕದಾಗ
ಹದಿನಾರು ದಿನ ಉಣತೀನಲ್ರಿ.
ಹದಿನೇಳನೇ ದಿನ ಕಾಲಾಗ ಕಸುವು ಬರತದ,
ನಾನೇ ನಡಕೋತ ಹೋಗತೀನಿ.'

ಅರಳೆ ತೂಗಿದ ಕೈ, ಲೆಕ್ಕ ತಪ್ಪಿರಲಿಲ್ಲ.
ಆದರೆ ಅಂಬಲಿಯ ಖಾತೆ ಬೇರೆ, ಸಾಗಿಸುವ ಖಾತೆ ಬೇರೆ.
ಒಂದರ ರೊಕ್ಕ ಇನ್ನೊಂದಕ್ಕೆ ಹತ್ತುವುದಿಲ್ಲ.

ಹೋದಳು. ಆ ದಂಡೆಯ ಕಾರಕೂನನೂ
ನನ್ನಷ್ಟೇ ಓದಿದವನು. ಅವನ ಕಾಯ್ದೆ
ಬೇರೆ ಬಣ್ಣದ ಕಾಗದದ್ದು: ಹುಟ್ಟಿದ ಊರೇ ಊರು.
ಹದಿನೈದು ದಿನಕ್ಕೆ ಸಾಲಿನಲ್ಲಿ ಮತ್ತೆ ಅದೇ ಮುಖ,
ಈ ಸಲ ಹೆಸರು ಕಾಸಿಂಬಿ.
ದಾಟಿಸಿದೆ.
ಮತ್ತೆ ಬಂದಳು, ಲಾಲಬಿ. ಸೆರಗು ಖಾಲಿಯಿತ್ತು.
ಕೂಸು ಯಾವ ದಂಡೆಯ ಪಾಲಾಯಿತೆಂದು ನಾನು ಕೇಳಲಿಲ್ಲ,
ದಫ್ತರದಲ್ಲಿ ಆ ಮನೆ ಗೀಚಿರಲಿಲ್ಲ.
ದಾಟಿಸಿದೆ.

ಒಂದು ಮಾತು ಎಲ್ಲಿಯೂ ಬರೆದಿಲ್ಲ, ಇಲ್ಲಿ ಬರೆಯುತ್ತೇನೆ.
ನಾನು ಸೊಲ್ಲಾಪುರದವನು.
ರೈಲು ಇಳಿದು ಸೀದಾ ಈ ಗಾದಿಗೆ ಬಂದೆ,
ಹದಿನೆಂಟು ತಿಂಗಳಿಂದ ನಿಜಾಮರ ಅನ್ನ ಉಣ್ಣುತ್ತಿದ್ದೇನೆ.
ನನ್ನದಕ್ಕೆ ಸಂಬಳ ಅನ್ನುತ್ತಾರೆ,
ಹಾಗಾಗಿ ಯಾರೂ ಊರು ಕೇಳಲಿಲ್ಲ.

ನಾಲ್ಕನೆಯ ಸಲ ಬಂದಾಗ ಹೆಸರು ಸಿಗದೆ ನಿಂತಳು.
'ನೀವ ಒಂದು ಬರಕೋರಿ,' ಅಂದಳು.
ದೌತಿಗೆ ಲೆಕ್ಕಣಿಕೆ ಅದ್ದಿದೆ. ಮಸಿ ಒಣಗಿತ್ತು.
ಖರೇನೇ ಒಣಗಿತ್ತು, ಆ ಬಿಸಿಲು ಅಂಥದ್ದು.
ನೀರು ತಾ ಎಂದು ಚಾಂದಸಾಬನನ್ನು ಕಳಿಸಿದೆ,
ಹತ್ತಿರದ ಬಾವಿಗಲ್ಲ, ಆಚೆಯದಕ್ಕೆ.

ಅವನು ಕೊಡ ಹೊತ್ತು ಬರುವುದರೊಳಗೆ
ಎರಡು ಬೋಗುಣಿ ಕುಡಿದು ಮುಗಿಸಿದ್ದಳು,
ಮೂರನೆಯದಕ್ಕೆ ಉಪ್ಪು ಕೇಳುತ್ತಿದ್ದಳು.