ಮೂರನೇ ಸಿಲಿಂಡರ್

ಮಲ್ಪೆಯಲ್ಲಿ ಆರು ಸೀಸನ್ ದುಡಿದು
ಲಾರಿ ಹತ್ತಿ ಕೋಲಾರಕ್ಕೆ ಬಂದ ಬಂಡಿ.
ಬೆಂಗಳೂರು ಮಿಂದು ತೊಳೆದು ಬಿಟ್ಟದ್ದು ಸೋಸಿಕೊಂಡು
ಪೈಪು ಹಿಡಿದು ಬಂದು ತುಂಬಿದ ಕೆರೆ.
ಎರಡನೇ ಕೈ ನೀರು, ಎರಡನೇ ಕೈ ಜೆಟ್ ಸ್ಕೀ,
ಈಡು ಜೋಡು ಸರಿಯಾಗೇ ಇದೆ ಅಂದಿದ್ದರು ಊರವರು.
ಒಂದು ಸುತ್ತಿಗೆ ಇನ್ನೂರು.

ಭಾನುವಾರ ನಾಲ್ಕೂವರೆ.
ಬಂಗಾರಪೇಟೆಯ ಹೊಸ ಮದುಮಗ, ಬೆನ್ನಿಗೆ ಹೆಂಡತಿ,
ತಿರುವಿನಲ್ಲಿ ಗಾಬರಿಬಿದ್ದು ಆಕ್ಸಿಲೇಟರ್ ಬಿಟ್ಟ.
ಬಿಟ್ಟರೆ ತಿರುಗದು ಈ ಜಾತಿ, ಕೊಟ್ಟರೇ ತಿರುಗುವುದು.
ಹೇಳಿದ್ದೆ. ಎರಡು ಸಲ ಹೇಳಿದ್ದೆ.
ಕೆರೆ ಬತ್ತಿದ್ದ ವರ್ಷಗಳಲ್ಲಿ ಬೆಳೆದು
ಈಗ ನೀರಡಿ ನಿಂತ ಜಾಲಿಯ ಬೊಡ್ಡೆಗೆ ತಾಗಿ
ಮಗುಚಿತು.
ಇಬ್ಬರೂ ಕಿತ್ತಳೆ ಜಾಕೆಟ್ಟಿನಲ್ಲಿ ತೇಲುತ್ತ
ಒಬ್ಬರನ್ನೊಬ್ಬರು ಬೈಯುತ್ತಿದ್ದರು; ಅವರಿಗೇನೂ ಆಗಿರಲಿಲ್ಲ.

ನಾನು ಈಜಿ ಹೋಗಿ
ಹೊಟ್ಟೆ ಮೇಲಾಗಿ ಬಿದ್ದದ್ದನ್ನು
ಕೈಗೆ ಸಿಕ್ಕ ಕಡೆಯಿಂದ ಎತ್ತಿ ತಿರುಗಿಸಿದೆ.
ಹಿಂದುಗಡೆ ಒಂದು ಸ್ಟಿಕ್ಕರ್ ಇದೆ, ಬಿಸಿಲಿಗೆ ಬಿಳಿಚಿದ ಕೆಂಪು ಬಾಣ,
ಹೀಗೆ ತಿರುಗಿಸು ಅಂತ.
ನೆನಪಾದದ್ದು ನೆಟ್ಟಗಾದ ಮೇಲೆ,
ಒಳಗೆಲ್ಲೋ ಕೊಡ ಬಗ್ಗಿಸಿದಂತೆ
ಗುಳುಗುಳು ಕೇಳಿದ ಮೇಲೆ.

"ಸೆಲ್ಫ್ ಮುಟ್ಟಿದರೆ ಕೈ ಮುರೀತೀನಿ,"
ಫೋನಿನಲ್ಲೇ ಕೂಗಿದರು ಸೊಣ್ಣಪ್ಪನವರು.
ಬೋರ್‌ವೆಲ್ ಮೋಟರಿನವರು;
ಸಾವಿರದ ನಾನೂರು ಅಡಿಯಿಂದ ಕಬ್ಬಿಣ ಎಳೆದೆಳೆದು
ಬಲಭುಜ ಒಂದಂಗುಲ ಇಳಿದಿದೆ.
ಬಂದವರೇ ಅದರ ಸುತ್ತ ಒಂದು ಸುತ್ತು ಬಂದರು.
"ನಮ್ಮ ಮೋಟರು ನೀರೊಳಗೇ ಸಂಸಾರ ಮಾಡ್ತದೆ.
ಇದು ನೀರ ಮೇಲೆ ಮೆರೆಯೋದು, ಒಂದು ಲೋಟ ಕುಡಿದರೆ ಸತ್ತಂಗೆ.
ಗಾಳಿ ಅಮುಕಿದರೆ ಅಮುಕಿಸಿಕೊಳ್ತದೆ, ನೀರು ಅಮುಕಿಸಿಕೊಳ್ಳಲ್ಲ ಕಣೋ.
ರಾಡು ಬಗ್ತದೆ. ಅದು ಬಗ್ಗಲ್ಲ.
ಯಾವ ಕಡೆ ತಿರುಗಿಸಿದೆ?"
"ಬಾಣದ ಕಡೆಗೇ," ಅಂದೆ.

ಡಿಪ್ ಸ್ಟಿಕ್ ಎಳೆದರೆ ಎಣ್ಣೆಯಲ್ಲ,
ಹಾಲು ಜಾಸ್ತಿಯಾದ ಕಾಫಿ.
"ಬೆಳಗ್ಗೆ ಡೈರಿಗೆ ಹಾಕು, ಫ್ಯಾಟ್ ಚೆನ್ನಾಗಿ ಬರ್ತದೆ."
ಪ್ಲಗ್ಗು ಮೂರೂ ಬಿಚ್ಚಿ ಸಾಲಾಗಿ ಟವಲಿನ ಮೇಲಿಟ್ಟರು.
ಈಗ ಒತ್ತು ಅಂದರು. ಒತ್ತಿದೆ.
ಮೊದಲನೆಯದು ಸೀನಿತು.
ಎರಡನೆಯದು ಉಗುಳಿತು.
ಮೂರನೆಯದು ಆಳೆತ್ತರ ಚಿಮ್ಮಿ
ಅವರ ಕನ್ನಡಕ, ಮೀಸೆ, ಜೇಬಿನ ಬೀಡಿ ಎಲ್ಲ ತೋಯಿಸಿತು.

ಕನ್ನಡಕ ಒರೆಸಿಕೊಂಡು
ಆ ಸ್ಟಿಕ್ಕರನ್ನು ಉಗುರಿನಿಂದ ಸುಮ್ಮನೆ ಕೆರೆದರು.
ಏನೂ ಕೇಳಲಿಲ್ಲ.
ಹಸುಗೂಸಿನ ಕಿವಿಗೆ ಬಿಡುವ ಹಾಗೆ
ಮೂರು ತೂತಿಗೂ ಎಣ್ಣೆ ಬಿಟ್ಟರು, ಮೂರನೆಯದಕ್ಕೆ
ಎರಡು ಹನಿ ಹೆಚ್ಚು.

ರಾತ್ರಿ ಹತ್ತು. ಹೊಸ ಎಣ್ಣೆ, ಒಣಗಿಸಿದ ಪ್ಲಗ್ಗು,
ಪಕ್ಕದ ಟೊಮೆಟೊ ತೋಟದಿಂದ ಎಳೆದು ತಂದ ಪೈಪು.
"ಹಚ್ಚುವಾಗ ಮೊದಲು ಇಂಜಿನ್, ಆಮೇಲೆ ನೀರು.
ಆರಿಸುವಾಗ ಮೊದಲು ನೀರು, ಆಮೇಲೆ ಇಂಜಿನ್.
ಹಿಂದುಮುಂದಾದರೆ ಈ ರಾತ್ರಿಯೆಲ್ಲ ಮತ್ತೆ ಮಾಡಬೇಕು."
ಕೆಮ್ಮಿತು. ಕೆಮ್ಮಿತು. ಬಿಳಿ ಹೊಗೆ.
ಆಮೇಲೆ ಹಿಡಿಯಿತು ನೋಡಿ,
ಏರಿಯ ಆಚೆಯ ನಾಯಿಗಳೆಲ್ಲ ಎದ್ದವು,
ಅಂತರಗಂಗೆಯ ಬಂಡೆ ಆ ಸದ್ದನ್ನು ವಾಪಸು ಕೊಟ್ಟಿತು.
ಆ ಗಲಾಟೆಯ ಮರೆಯಲ್ಲಿ,
ಅವರ ಬೆನ್ನಿಗೆ,
ಅಣ್ಣ ನಾನು ಬಾಣ ನೋಡಲೇ ಇಲ್ಲ ಅಂದೆ.

ಅವರು ಪೈಪು ಮಡಚಿ ಹಿಡಿದರು. ನೀರು ನಿಂತಿತು.
ಕೈ ಎತ್ತಿದರು. ನಾನು ಕೆಂಪು ದಾರ ಎಳೆದೆ. ಇಂಜಿನ್ ನಿಂತಿತು.
"ಇನ್ನೂ ಎರಡು ಸಲ ಎಣ್ಣೆ ಬದಲಾಯಿಸಬೇಕು," ಅಂದರು.
ಒದ್ದೆ ಬೀಡಿಯೊಂದನ್ನು ಮೂಸಿ, ಎಸೆದು,
"ಏನೋ ಅಂದಂಗಿತ್ತಲ್ಲ. ಏನು?"

ಕಪ್ಪೆಗಳಾದರೂ ಅಷ್ಟು ಹೊತ್ತು ವಟಗುಟ್ಟಿ
ಆಗಲೇ ಸುಮ್ಮನಾಗಬೇಕೇ.